ಭುಜ ಇಳಿಸಿ, ಡಾಕ್ಟ್ರೇ!

"ಡಾಕ್ಟ್ರೇ, ಭುಜ ಇಳಿಸಿ."

ಆಪರೇಷನ್ ಥಿಯೇಟರಿನಲ್ಲಿದ್ದವರೆಲ್ಲ ದನಿ ಬಂದತ್ತ ತಿರುಗಿದರು.

ಮೇಜಿನ ಮೇಲೆ ಮಲಗಿದ್ದವರು ಐವತ್ತು ದಾಟಿದ, ಸ್ವಲ್ಪ ದಪ್ಪ ಮೈಯ ಹೆಂಗಸು. ಅವರ ಪಿತ್ತಕೋಶದ ತುಂಬ ಕಲ್ಲು. ಹೊಟ್ಟೆಗೆ ಗ್ಯಾಸ್ ತುಂಬಿ, ನಾಲ್ಕು ಸಣ್ಣ ತೂತು ಮಾಡಿ, ಉದ್ದನೆಯ ಉಪಕರಣಗಳನ್ನು ಒಳಗಿಳಿಸಿ, ಎದುರಿನ ಪರದೆ ನೋಡುತ್ತ ಸರ್ಜನ್ ಆದ ಅವಳು ಕೆಲಸ ಮಾಡುತ್ತಿದ್ದಳು. ಶುರುವಾಗಿ ಎರಡೂವರೆ ಗಂಟೆಯಾಗಿತ್ತು.

ಅಂಥ ಹೊತ್ತಿನಲ್ಲಿ ಮೂಲೆಯಿಂದ ಬಂದಿತ್ತು ಆ ದನಿ!

"ಯಾರ್ರೀ ಅದು?" ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

"ಫಿಸಿಯೋಥೆರಪಿಸ್ಟ್. ಸರ್ಜನ್‌ಗಳು ಹೇಗೆ ನಿಂತು ಕೆಲಸ ಮಾಡ್ತಾರೆ ಅಂತ ನೋಡಿ ವರದಿ ಕೊಡೋಕೆ ನನ್ನನ್ನ ಕರೆಸಿದ್ದಾರೆ. ನಿಮ್ಮ ಬಲಭುಜ ಒಂದು ಗಂಟೆಯಿಂದ ಕಿವಿ ಹತ್ರಾನೇ ಇದೆ. ಈ ಮೇಜು ನಿಮಗೆ ಎತ್ತರ ಆಯ್ತು."

"ಸಿಸ್ಟರ್, ಇವರನ್ನ ಹೊರಗೆ ಕಳಿಸಿ."

ಹಿರಿಯ ನರ್ಸ್ ತಡವರಿಸಿದರು. "ಮೇಡಂ, ದೊಡ್ಡ ಡಾಕ್ಟ್ರೇ ಒಪ್ಪಿಗೆ ಕೊಟ್ಟಿದ್ದಾರೆ..."

"ಕೊಟ್ಟಿರೋದು ನೋಡೋಕೆ. ಬಾಯಿ ಬಿಡೋಕಲ್ಲ. ಹೊರಗೆ!"

ಅವನು ಹೋದ. ಸುಮ್ಮನೆ ಹೋಗಲಿಲ್ಲ. ಬಾಗಿಲು ದೂಡುತ್ತ, "ಒಂದೇ ಕಾಲ ಮೇಲೆ ನಿಂತಿದ್ದೀರ. ಹೀಗಾದ್ರೆ ಸೊಂಟಾನೂ ಹೋಗುತ್ತೆ" ಅಂದ.

ಮಾಸ್ಕಿನೊಳಗೆ ಅವಳು ಹಲ್ಲು ಕಚ್ಚಿದಳು. 'ಎಂಥಾ ಧಿಮಾಕು! ಚಾಕು ಹಿಡಿದು ಗೊತ್ತಿಲ್ಲದವನು ನನಗೆ ನಿಲ್ಲೋದು ಕಲಿಸ್ತಾನಂತೆ!'

ಆದರೆ ಭುಜ ಉರಿಯುತ್ತಿತ್ತು. ನಿಜವಾಗಿಯೂ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಅವಳಿಗೆ 'ಗುಬ್ಬಿ ಡಾಕ್ಟ್ರು' ಅಂತ ಅಡ್ಡಹೆಸರು. ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಕೈಗೆ ಇದ್ದುದರಲ್ಲೇ ಸಣ್ಣ ಗ್ಲೌಸು. ವಯಸ್ಸು ಮೂವತ್ತನಾಲ್ಕು. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ಹಾಗಿದ್ದರೂ ರೋಗಿಗಳು ಅವಳ ಕೈಗೇ ಕಾದು ಕೂರುತ್ತಿದ್ದರು. ಅಷ್ಟು ಹದವಾದ ಕೈ.

ಆ ಕೈಗೆ ಕೆಲಸ ಕಲಿಸಿದವರು ವಿಭಾಗದ ಮುಖ್ಯಸ್ಥರು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ದೊಡ್ಡ ಡಾಕ್ಟ್ರು ಅಂತ. ಆರಡಿ ಆಳು. ಥಿಯೇಟರಿನ ಮೇಜು ಅವರ ಸೊಂಟದ ಮಟ್ಟಕ್ಕೆ, ಪರದೆ ಅವರ ಕಣ್ಣಿನ ಮಟ್ಟಕ್ಕೆ, ಉಪಕರಣದ ಹಿಡಿ ಅವರ ಅಂಗೈ ಅಗಲಕ್ಕೆ. ಅವಳು ಕಬ್ಬಿಣದ ಮೆಟ್ಟಿಲ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಮೆಟ್ಟಿಲು ಹತ್ತಿದರೆ, ರಕ್ತನಾಳ ಸುಡುವ ಉಪಕರಣವನ್ನು ಕಾಲಿನಿಂದ ಒತ್ತಿ ನಡೆಸುವ ನೆಲದ ಮೇಲಿನ ಪೆಡಲ್ ಎಟುಕದು. ಅದಕ್ಕೇ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕೆಳಗೆ.

"ನೋವು ರೋಗಿಗೆ, ಸರ್ಜನ್‌ಗಲ್ಲ" ಎಂಬುದು ದೊಡ್ಡ ಡಾಕ್ಟ್ರ ಮಾತು. ಅವಳು ಅದನ್ನು ನಂಬಿದ್ದಳು. ಎರಡು ವರ್ಷದಿಂದ ಹೆಬ್ಬೆರಳು ಆಗಾಗ ಮರಗಟ್ಟುತ್ತಿತ್ತು. ಕೈ ಹಿಂದಕ್ಕೆ ಹೋಗದೆ ಜಡೆ ಹೆಣೆಯಲಾಗದಿದ್ದಾಗ ಕೂದಲನ್ನೇ ಕತ್ತರಿಸಿಕೊಂಡು ಬಂದಳು. "ಹೊಸ ಫ್ಯಾಷನ್ನಾ ಮೇಡಂ?" ಎಂದು ನರ್ಸ್ ಹುಡುಗಿಯರು ಕೇಳಿದ್ದಕ್ಕೆ, "ಹ್ಞೂಂ" ಅಂದಿದ್ದಳು.

ಆ ಮಧ್ಯಾಹ್ನ ಆಪರೇಷನ್ ಮುಗಿಸಿ ಹೊರಬಂದರೆ, ಕಾರಿಡಾರಿನಲ್ಲಿ ಅವನೇ ನಿಂತಿದ್ದ. ಮೂವತ್ತೇಳು ಮೂವತ್ತೆಂಟರ ವಯಸ್ಸು, ಬಾಚದ ಕೂದಲು, ಕುತ್ತಿಗೆಯಲ್ಲಿ ದರ್ಜಿಯಂತೆ ನೇತಾಡುವ ಅಳತೆಪಟ್ಟಿ.

"ಇನ್ನೂ ಇದ್ದೀರಾ?"

"ಒಂದು ಪ್ರಶ್ನೆ ಇದೆ. ಹೆಬ್ಬೆರಳು ಮರಗಟ್ಟುತ್ತೆ ಅಲ್ವಾ?"

ಅವಳ ಎಡಗೈ ಬಲಗೈಯನ್ನು ಮುಚ್ಚಿತು. "ಯಾರು ಹೇಳಿದ್ದು?"

"ಯಾರೂ ಇಲ್ಲ. ಬೆಳಿಗ್ಗೆ ಫೈಲಿಗೆ ಸಹಿ ಹಾಕುವಾಗ ಪೆನ್ನು ಎರಡು ಸಲ ಬಿತ್ತು. ಮೂರನೇ ಸಲ ನೀವು ಮುಷ್ಟಿಯಲ್ಲಿ ಹಿಡಿದು ಬರೆದ್ರಿ. ಒಂದನೇ ಕ್ಲಾಸಿನ ಮಕ್ಕಳ ಹಾಗೆ."

"ನನ್ನ ಕೈ ಕಾಯೋಕೆ ನಿಮ್ಮನ್ನ ಇಟ್ಟಿಲ್ಲ."

"ಅದಕ್ಕೇ ಇಟ್ಟಿರೋದು ಡಾಕ್ಟ್ರೇ! ಒಂದೇ ವರ್ಷದಲ್ಲಿ ನಿಮ್ಮಲ್ಲಿ ಒಬ್ಬರ ಕುತ್ತಿಗೆಗೆ ಆಪರೇಷನ್ ಆಯ್ತು, ಇನ್ನೊಬ್ಬರು ಚಾಕು ಕೆಳಗಿಟ್ಟು ಚೀಟಿ ಬರೀತಾ ಕೂತಿದ್ದಾರೆ. ಮೂರನೆಯವರು ನೀವಾಗ್ಬೇಕಾ?"

"ಬಾಯಿ ಮುಚ್ಚಿ!"

"ಮುಚ್ತೀನಿ. ನೀವು ಮೊದಲು ಭುಜ ಇಳಿಸಿ. ಈಗಲೂ ಎತ್ತಿದ್ದೀರ."

ಅವಳಿಗೆ ಗೊತ್ತಿಲ್ಲದೆಯೇ ಭುಜ ಕೆಳಗಿಳಿಯಿತು. ಅದು ಅವನಿಗೆ ಕಂಡಿತು. ಅವಳ ಸಿಟ್ಟು ಇಮ್ಮಡಿಯಾಯಿತು.

ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಅವನು ಎರಡೂ ಕಾಲೂರಿ ಪಕ್ಕದಲ್ಲೇ ಪೆಡಲ್ ಇಡುವಷ್ಟು ಅಗಲದ ಮರದ ಹಲಗೆ ಮಾಡಿಸಿ ತಂದ. ಅವಳು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಅವನು ಪರದೆಯನ್ನು ಒಂದು ಗೇಣು ಇಳಿಸಿದ. ಅವಳು ಮತ್ತೆ ಏರಿಸಿದಳು. ಕತ್ತು ನೋಯಿಸಿಕೊಂಡೇ ಏರಿಸಿದಳು! "ಈ ಮನುಷ್ಯ ಥಿಯೇಟರಿಗೆ ಬಂದ್ರೆ ನನ್ನ ಕೈ ಓಡಲ್ಲ" ಎಂದು ಎರಡು ಸಲ ದೂರು ಬರೆದಳು. ಅವನು, "ಕೈ ಓಡದೇ ಇರೋದಕ್ಕೆ ಕಾರಣ ನಾನಲ್ಲ, ಮೇಜು" ಎಂದು ಎರಡು ಸಲ ಉತ್ತರ ಬರೆದ.

"ಇವರಿಬ್ಬರನ್ನ ಒಂದೇ ರೂಮಲ್ಲಿ ಬಿಟ್ರೆ, ಅರಿವಳಿಕೆ ಇಲ್ದೇ ಆಪರೇಷನ್ ಆಗೋಗುತ್ತೆ" ಎಂದು ಮೂಳೆ ಡಾಕ್ಟ್ರು ನಗಾಡಿದರು. ಎತ್ತಿನಂಥ ಆಳು ಅವರು. ಜೋಕು ಹೇಳದೆ ಊಟ ಜೀರ್ಣವಾಗದ ಜಾತಿ.

ಒಂದು ದಿನ ಡಾಕ್ಟರುಗಳ ಕೋಣೆಯಲ್ಲಿ ಅವಳೊಬ್ಬಳೇ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ತಿರುಗದು. ಹೆಬ್ಬೆರಳಿಗೆ ಹಿಡಿತವೇ ಇಲ್ಲ. ಅವನು ಒಳಬಂದ. ಒಂದು ಮಾತೂ ಆಡದೆ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ, ಅವಳ ಮುಂದಿಟ್ಟು ಹೊರಟುಹೋದ.

ಅವಳು ಆ ನೀರು ಕುಡಿಯಲಿಲ್ಲ. ಬಾಯಾರಿ ಗಂಟಲು ಒಣಗಿದರೂ ಕುಡಿಯಲಿಲ್ಲ. 'ಹಂಗಿಸೋಕೆ ಒಂದು ಮಾತಾದ್ರೂ ಆಡ್ಬಾರ್ದಿತ್ತಾ... ಸುಮ್ಮನೆ ಯಾಕೆ ಹೋದ?' ಆ ಯೋಚನೆಯಿಂದಲೇ ಅವಳಿಗೆ ತನ್ನ ಮೇಲೆ ಕೋಪ ಬಂತು.

ಮರುದಿನ ಅವನು ಇಲ್ಲದ್ದನ್ನು ಖಚಿತಪಡಿಸಿಕೊಂಡು, ಮೂಲೆಯಲ್ಲಿದ್ದ ಮರದ ಹಲಗೆಯನ್ನು ಎಳೆದು ಹತ್ತಿ ನಿಂತಳು. ಎರಡು ಗಂಟೆ ಕಳೆದರೂ ಸೊಂಟ ಸುಮ್ಮನಿತ್ತು! "ಅವರಿಗೆ ಹೇಳಿದ್ರೆ ನೋಡಿ" ಎಂದು ಹಿರಿಯ ನರ್ಸಿಗೆ ಕಣ್ಣು ಬಿಟ್ಟಳು.

"ನನ್ನ ಬಾಯಿಗೆ ಬೀಗ" ಅಂದರು ಅವರು. ಮಾಸ್ಕಿನ ಮೇಲೆ ಅವರ ಕಣ್ಣುಗಳು ನಗುತ್ತಿದ್ದವು.

ಆಮೇಲೆ ಬಂತು ಆ ಸೋಮವಾರ.

ಗೋಡೆಯ ಮೇಲಿನ ಆಪರೇಷನ್ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಆ ದಿನದ್ದರಲ್ಲಿ ಮಾತ್ರವಲ್ಲ, ಇಡೀ ತಿಂಗಳಿನದರಲ್ಲಿ!

ಓಡಿಹೋಗಿ ದೊಡ್ಡ ಡಾಕ್ಟ್ರ ಕೋಣೆ ಬಾಗಿಲು ತಟ್ಟಿದಳು. ಅವರು ಮಡಚಿದ ಹಾಳೆಯೊಂದನ್ನು ಮುಂದೆ ಹಿಡಿದು, ಒಂದು ಸಾಲಿನ ಕೆಳಗೆ ಬೆರಳಿಟ್ಟರು.

'ಎಲ್ಲರಿಗಿಂತ ಕಡಿಮೆ ಎತ್ತರದ ಸರ್ಜನ್ ಈಗಿನ ಸ್ಥಿತಿಯಲ್ಲಿ ಕೆಲಸ ಮುಂದುವರಿಸುವುದು ಸುರಕ್ಷಿತವಲ್ಲ.'

"ನೋಡಮ್ಮ, ಇದು ಫಿಸಿಯೋ ವರದಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ಹೊರರೋಗಿ ವಿಭಾಗದಲ್ಲಿ ಕೂತ್ಕೊ. ಶುಕ್ರವಾರ ಸಭೆ ಇದೆ, ನೀನೇ ಬಂದು ಒಪ್ಪಿಗೆ ಅಂತ ಹೇಳಿಬಿಡು. ಮರ್ಯಾದೆಯಾಗಿ ಮುಗಿಯುತ್ತೆ."

ಹನ್ನೆರಡು ವರ್ಷ! ಗೆಳತಿಯರ ಮದುವೆ, ಸ್ವಂತ ನಿದ್ದೆ, ಸಂಜೆಗಳು... ಎಲ್ಲ ಕೊಟ್ಟು ಕಲಿತ ಕೆಲಸ. ಅದನ್ನು ಒಂದು ಸಾಲಿನಲ್ಲಿ ಕಿತ್ತುಕೊಂಡಿದ್ದ ಅವನು.

ಫಿಸಿಯೋ ವಿಭಾಗದಲ್ಲಿ ಅವನು ಮುದುಕರೊಬ್ಬರಿಗೆ ನಡಿಗೆ ಕಲಿಸುತ್ತಿದ್ದ. ನಾಲ್ಕಾರು ರೋಗಿಗಳು, ಅವರ ಮನೆಯವರು, ಎಲ್ಲರೂ ಇದ್ದರು. ಅವಳಿಗೆ ಯಾರೂ ಕಾಣಲಿಲ್ಲ.

"ಸಮಾಧಾನ ಆಯ್ತಾ? ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ!"

"ಡಾಕ್ಟ್ರೇ... ಏನಾಯ್ತು?"

"ನಾಟಕ ಬೇಡ! ಬಾಟಲಿ ಮುಚ್ಚಳ ತೆಗೆದುಕೊಟ್ಟು, ಅದನ್ನೇ ಬರ್ಕೊಂಡು ಹೋದ್ರಾ? ಬೆನ್ನ ಹಿಂದೆ ಚೂರಿ ಹಾಕೋ ಕಳ್ಳ ನೀವು!"

ಅವನ ಮುಖ ಬಿಳಿಚಿಕೊಂಡಿತು. ಹಾಗಿದ್ದರೂ ಮುದುಕರನ್ನು ಜೋಪಾನವಾಗಿ ಕುರ್ಚಿಗೆ ಕೂರಿಸಿ ಆಮೇಲೆ ಅವಳತ್ತ ತಿರುಗಿದ.

"ನಿಮ್ಮ ಬಗ್ಗೆ ಹೇಳೋದಿದ್ರೆ ನಿಮ್ಮ ಮುಖಕ್ಕೇ ಹೇಳಿದ್ದೀನಿ. ಮೊದಲ ದಿನದಿಂದ. ಹಿಂದಿನಿಂದ ಹೇಳೋ ಅಭ್ಯಾಸ ನನಗಿಲ್ಲ."

"ನಾನೇ ಓದಿದ್ದೀನಿ!"

"ಪೂರ್ತಿ ಓದಿದ್ರಾ?"

ಅವಳು ಬಾಗಿಲು ಬಡಿದು ಬಂದಳು.

ಮನೆಗೆ ಬಂದವಳು ಕೋಟು ಬಿಚ್ಚಲು ಹೋದರೆ ಬಲಗೈ ಮೇಲೇಳಲೇ ಇಲ್ಲ. ಹಾಗೇ ನಿಂತು ಬಿಕ್ಕಿದಳು. ಅಮ್ಮ ಬಂದು ತೋಳು ಬಿಡಿಸಿದರು. ನಲವತ್ತು ವರ್ಷ ಬಟ್ಟೆ ಹೊಲಿದು ಮಗಳನ್ನು ಓದಿಸಿದ ಹೆಂಗಸು ಅವರು.

"ಎಷ್ಟು ದಿನದಿಂದ ಕಣೇ ಇದು?"

"ಎರಡು ವರ್ಷ ಅಮ್ಮ..."

"ಎರಡು ವರ್ಷ! ಹೆತ್ತವಳಿಗೂ ಹೇಳ್ಬಾರ್ದಾ?" ಅಮ್ಮ ಬೈಯುತ್ತಲೇ ಬಿಸಿನೀರಿನ ಚೀಲ ತಂದಿಟ್ಟರು. "ನಾನು ಕೆಲಸಕ್ಕೆ ಸೇರಿದಾಗ ಅಂಗಡಿಯವರು ಎತ್ತರದ ಮೆಷಿನ್ ಕೊಟ್ಟಿದ್ರು. ಒಂದು ತಿಂಗಳು ಹೊಲಿದೆ, ಕುತ್ತಿಗೆ ಬಿತ್ತು. ಬಡಗಿನ ಕರೆಸಿ ಮೇಜಿನ ಕಾಲು ಕೊಯ್ಸಿದೆ. ಯಜಮಾನ ಕುಣಿದಾಡಿದ. ಮೇಜಿನ ಕಾಲು ಕೊಯ್ಯದೆ ನನ್ನ ಕತ್ತು ಕೊಯ್ಯೋಕಾಗುತ್ತಾ ಅಂದೆ. ಓದಿಲ್ಲದ ನನಗೆ ಗೊತ್ತಾಗಿದ್ದು ಇಷ್ಟು ಓದಿದ ನಿನಗೆ ಗೊತ್ತಾಗ್ಲಿಲ್ವಾ?"

ಅವಳು ಅಳು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಅವನೂ ಇದನ್ನೇ ಹೇಳಿದ್ದನಲ್ಲ... ಮೇಜು ಎತ್ತರ ಆಯ್ತು ಅಂತ!

'ಪೂರ್ತಿ ಓದಿದ್ರಾ?'

ಆ ಪ್ರಶ್ನೆ ಮುಳ್ಳಿನ ಹಾಗೆ ಉಳಿಯಿತು.

ಶುಕ್ರವಾರದ ಸಭೆಯಲ್ಲಿ ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ ಸರ್ಜನ್‌ಗಳು, ಆಡಳಿತದ ಇಬ್ಬರು, ಕೊನೆಯಲ್ಲಿ ಅವನು. ಅವಳು ಅವನತ್ತ ನೋಡಲಿಲ್ಲ. ಅವನೂ ನೋಡಲಿಲ್ಲ.

ದೊಡ್ಡ ಡಾಕ್ಟ್ರು ಅದೇ ಸಾಲು ಓದಿ ಹಾಳೆ ಮಡಚಿದರು. "ಆದ್ದರಿಂದ ನಮ್ಮ ಸಹೋದ್ಯೋಗಿ ತಾವಾಗಿಯೇ..."

"ಸಾರ್, ಮುಂದಿನ ಸಾಲು ಓದಿ." ಅವನು ಎದ್ದು ನಿಂತಿದ್ದ.

"ಅಗತ್ಯ ಇಲ್ಲ."

"ಹಾಗಾದ್ರೆ ನಾನು ಓದ್ತೀನಿ." ಅವನ ಕೈಯಲ್ಲಿ ಹಾಳೆಯೂ ಇರಲಿಲ್ಲ. ಬಾಯಿಪಾಠವಿತ್ತು. "'ಆದ್ದರಿಂದ ಮೇಜನ್ನು ಬದಲಿಸಬೇಕು. ಸರ್ಜನ್ ಅನ್ನು ಅಲ್ಲ. ನೋಡಿದ ಹನ್ನೊಂದು ಜನರಲ್ಲಿ ಒಂಬತ್ತು ಜನಕ್ಕೆ ಕುತ್ತಿಗೆ, ಭುಜ, ಸೊಂಟ ಅಥವಾ ಕೈ ನೋವಿದೆ. ಒಂಬತ್ತೂ ಜನ ಅದನ್ನು ಮುಚ್ಚಿಟ್ಟಿದ್ದಾರೆ.'"

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರು ಆ ಒಂಬತ್ತು ಜನ?" ದೊಡ್ಡ ಡಾಕ್ಟ್ರು ಗುಡುಗಿದರು. "ಹೆಸರು ಹೇಳು!"

"ಹೇಳಲ್ಲ. ಮಾತು ಕೊಟ್ಟಿದ್ದೀನಿ."

"ಹೇಳದಿದ್ರೆ ನಾಳೆಯಿಂದ ಈ ಆಸ್ಪತ್ರೆಗೆ ಬರೋದು ಬೇಡ."

"ಬರಲ್ಲ ಸಾರ್. ಆದ್ರೆ ಒಂದು ತಪ್ಪು ನನ್ನದೇ. ಹೆಸರು ಬರೀಲಿಲ್ಲ ಅಂತ ಜಾಣತನ ಮೆರೆದೆ. ಎತ್ತರ ಬರೆದ್ರೆ ಹೆಸರು ಬರೆದ ಹಾಗೇ ಅಂತ ಹೊಳೀಲಿಲ್ಲ. ಅದಕ್ಕೆ ಆ ಡಾಕ್ಟ್ರ ಹತ್ರ ಕ್ಷಮೆ ಕೇಳ್ತೀನಿ."

ಕೇಳಿದ್ದು ಅವಳ ಹತ್ತಿರ. ನೋಡಿದ್ದು ಮಾತ್ರ ಗೋಡೆಯನ್ನು.

ಅವಳ ಕಣ್ಣು ಉರಿಯಿತು. 'ದೇವರೇ... ನಾನು ಏನಂದೆ ಇವನಿಗೆ? ಅಷ್ಟು ಜನರೆದುರು ಕಳ್ಳ ಅಂದೆನಲ್ಲ!'

ಅವಳು ಎದ್ದಳು. ಕುರ್ಚಿ ಕಿರ್ರೆಂದಿತು.

"ಒಂಬತ್ತರಲ್ಲಿ ನಾನೊಬ್ಬಳು ಸಾರ್. ಎರಡು ವರ್ಷದಿಂದ ಭುಜ ನೋವು, ಹೆಬ್ಬೆರಳು ಮರಗಟ್ಟುತ್ತೆ. ಚಿಕಿತ್ಸೆ ತಗೋತೀನಿ. ಆಮೇಲೆ ನನ್ನ ಎತ್ತರಕ್ಕೆ ಇಳಿಯೋ ಮೇಜಿಗೆ ವಾಪಸ್ ಬರ್ತೀನಿ. ಹೊರರೋಗಿ ವಿಭಾಗಕ್ಕೆ ಒಪ್ಪಿಗೆ ಇಲ್ಲ."

"ಕೂತ್ಕೊ!"

"ಇಲ್ಲ ಸಾರ್. ನಿಂತು ಅಭ್ಯಾಸ ಆಗಿದೆ."

ಇನ್ನು ಎಂಟು ಜನರಿದ್ದರು. ಒಬ್ಬರು ಪೆನ್ನು ನೋಡಿದರು. ಒಬ್ಬರು ಮೊಬೈಲ್ ನೋಡಿದರು. ಯಾರೂ ಏಳಲಿಲ್ಲ. ಕೊನೆಗೆ ಮೂಳೆ ಡಾಕ್ಟ್ರು ಕೆಮ್ಮಿ, ಅಂಗಿ ಎತ್ತಿ ತೋರಿಸಿದರು. ಹೊಟ್ಟೆಯ ಸುತ್ತ ಅಗಲವಾದ ಸೊಂಟದ ಪಟ್ಟಿ!

"ಮೂರು ವರ್ಷ ಆಯ್ತು ಕಟ್ಕೊಂಡು. ಹೆಂಡತಿಗೆ ಹೊಟ್ಟೆ ಕರಗಿಸೋಕೆ ಅಂತ ಸುಳ್ಳು ಹೇಳಿದ್ದೀನಿ" ಅಂದರು. ಈ ಸಲ ಅವರ ಜೋಕಿಗೆ ಯಾರೂ ನಗಲಿಲ್ಲ. ಆಡಳಿತದವರು ಮೊದಲ ಬಾರಿ ವರದಿಯನ್ನು ಬಿಚ್ಚಿ ಓದತೊಡಗಿದರು.

ಸಭೆ ಮುಗಿದು ಅವಳು ಓಡಿಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಎರಡು ದಿನ ಹುಡುಕಿ ವಿಳಾಸ ಹಿಡಿದಳು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಪುಟ್ಟ ಕ್ಲಿನಿಕ್. ಅವನೂ ಅವನ ಅಕ್ಕನೂ ಸೇರಿ ನಡೆಸುತ್ತಿದ್ದರು. ಅಕ್ಕನೂ ಫಿಸಿಯೋನೇ.

ಅವಳನ್ನು ಕಂಡು ಅವನು ಕುರ್ಚಿಯಿಂದ ಏಳಲಿಲ್ಲ.

"ಕ್ಷಮೆ ಕೇಳೋಕೆ ಬಂದೆ. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಳ್ಳೋಕೆ ಜಾಗ ಇಲ್ಲ ಡಾಕ್ಟ್ರೇ. ಆವತ್ತು ಆ ಮುದುಕರು ನನ್ನನ್ನ ಕೇಳಿದ್ರು, ಏನಪ್ಪಾ ಕದ್ದೆ ಅಂತ."

ಅವಳು ತಲೆ ತಗ್ಗಿಸಿದಳು. "ನನ್ನ ಭುಜ... ನೀವು ನೋಡ್ತೀರಾ?"

"ಇಲ್ಲ."

"ಯಾಕೆ?"

"ನಿಮ್ಮ ಮೇಲೆ ಸಿಟ್ಟಿದೆ. ಸಿಟ್ಟಿನ ಕೈಯಲ್ಲಿ ನೋವಿರೋ ಭುಜ ಮುಟ್ಟಬಾರದು. ನಮ್ಮಕ್ಕ ನೋಡ್ತಾಳೆ." ಅಷ್ಟು ಹೇಳಿ ಒಳಗೆ ಹೋಗಿಬಿಟ್ಟ.

ನಾಲ್ಕು ತಿಂಗಳು! ವಾರಕ್ಕೆ ಮೂರು ದಿನ ಅವಳು ಬಂದಳು. ಅಕ್ಕ ಭುಜ ತಿರುಗಿಸಿದರು, ಬೆರಳಿಗೆ ರಬ್ಬರ್ ಚೆಂಡು ಕೊಟ್ಟರು, ಅತ್ತರೆ ಬೈದರು. ಅವನು ಎದುರು ಸಿಕ್ಕಾಗ "ಹ್ಞೂಂ", "ಸರಿ", ಅಷ್ಟೇ. ಅವಳಿಗೂ ರೋಸಿ, "ಮಾತಿಗೂ ಅಳತೆ ಇಟ್ಕೊಂಡಿದ್ದೀರಾ?" ಎಂದು ಒಂದು ದಿನ ರೇಗಿದಳು. "ನೀವು ಆಡಿದ್ದೇ ಇಬ್ಬರಿಗೂ ಸಾಕಾಗುವಷ್ಟಿದೆ" ಎಂದು ಅವನೂ ರೇಗಿದ.

ಆ ದಿನ ಅಕ್ಕ ನಕ್ಕುಬಿಟ್ಟರು. "ನೋಡಮ್ಮ, ನಾನು ಹೇಳ್ದೆ ಅನ್ಬೇಡ. ನೀನು ಹೋದ ತಕ್ಷಣ ಬಂದು ಕೇಳ್ತಾನೆ, ಇವತ್ತು ಕೈ ಎಲ್ಲಿವರೆಗೆ ಹೋಯ್ತು ಅಂತ. ಗೋಡೆ ಮೇಲೆ ಗುರುತು ಮಾಡಿಟ್ಟಿದ್ದಾನೆ."

ಮೆಟ್ಟಿಲಿಳಿಯುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಐದನೇ ತಿಂಗಳಲ್ಲಿ ಆಸ್ಪತ್ರೆಗೆ ಹೊಸ ಮೇಜು ಬಂತು. ಮೊಣಕಾಲಿನ ಮಟ್ಟದವರೆಗೂ ಇಳಿಯುವಂಥದ್ದು. ಅವಳು ನೆಲದ ಮೇಲೆ, ಎರಡೂ ಕಾಲ ಮೇಲೆ ನಿಂತು ಮೊದಲ ಆಪರೇಷನ್ ಮಾಡಿದಳು. ಕೊನೆಯ ಹೊಲಿಗೆ ಮುಗಿದಾಗ ಹಿರಿಯ ನರ್ಸ್ ಕಣ್ಣೊರೆಸಿಕೊಂಡರು.

ಹೊರಗೆ ದೊಡ್ಡ ಡಾಕ್ಟ್ರು ನಿಂತಿದ್ದರು. ಕ್ಷಮೆ ಅವರ ಬಾಯಲ್ಲಿ ಬರುವ ಮಾತಲ್ಲ. ಅತ್ತಿತ್ತ ನೋಡಿ, ಕತ್ತು ನೀವಿಕೊಳ್ಳುತ್ತ, "ಆ ಫಿಸಿಯೋ ಈಗ ಎಲ್ಲಿದ್ದಾನಮ್ಮ? ಯಾರಿಗೂ ಹೇಳ್ಬೇಡ" ಅಂದರು.

ಅವಳು ಚಪ್ಪಲಿ ಅಂಗಡಿಯ ಗುರುತು ಹೇಳಿ, ಅವರಿಗಿಂತ ಮೊದಲು ತಾನೇ ಅಲ್ಲಿಗೆ ಹೊರಟಳು.

ನಡುಮಧ್ಯಾಹ್ನ. ಅವನೊಬ್ಬನೇ ಕೂತು ಊಟದ ಡಬ್ಬಿ ತೊಳೆಯುತ್ತಿದ್ದ.

"ಆಯ್ತು" ಅಂದಳು. "ಎರಡು ಗಂಟೆ. ನೋವಿಲ್ಲ."

ಅವನ ಕೈಯಲ್ಲಿದ್ದ ಡಬ್ಬಿ ನೀರಿನಲ್ಲಿ ಬಿತ್ತು. "ನಿಜವಾಗ್ಲೂ?"

"ನಿಮ್ಮ ಹತ್ರ ಸುಳ್ಳು ಹೇಳಿದ್ರೆ ನಡೆಯುತ್ತಾ? ಪೆನ್ನು ಬಿದ್ದಿದ್ದೂ ಲೆಕ್ಕ ಇಟ್ಟವರು ನೀವು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಇನ್ನೂ ಎಷ್ಟು ದಿನ ಸಿಟ್ಟು? ಹೇಳಿಬಿಡಿ. ಕಾಯ್ತೀನಿ."

"ಸಿಟ್ಟು ಒಂದು ವಾರಕ್ಕೇ ಇಳಿದಿತ್ತು."

"ಮತ್ತೆ ನಾಲ್ಕು ತಿಂಗಳು ಮುಖ ತಿರುಗಿಸ್ಕೊಂಡು ಓಡಾಡಿದ್ದು? ನನ್ನ ಭುಜ ಮುಟ್ಟಲ್ಲ ಅಂದಿದ್ದು?"

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ ಡಾಕ್ಟ್ರೇ. ರೋಗಿನ ಪ್ರೀತಿಸಬಾರದು."

"ಅದಕ್ಕೆ?"

"ಅದಕ್ಕೇ ನಿಮ್ಮನ್ನ ನನ್ನ ರೋಗಿ ಮಾಡ್ಕೊಳ್ಳಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಕಣ್ಣು ತುಂಬಿ ಬಂತು... ಸಿಟ್ಟೂ ಬಂತು!

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಆಪರೇಷನ್‌ಗೆ ವಾಪಸ್ ಹೋಗೋವರೆಗೂ ಬಾಯಿ ಬಿಡಬಾರದು ಅನ್ಕೊಂಡಿದ್ದೆ. ಕೃತಜ್ಞತೆಗೆ ಹ್ಞೂಂ ಅಂದುಬಿಟ್ರೆ ಅಂತ ಭಯ."

"ಕೃತಜ್ಞತೆ? ನಿಮ್ಮ ಮೇಲೆ? ನಿಮ್ಮನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ ನನಗೆ!"

"ಈಗಲೂ?"

"ಈಗಲೂ." ಅವಳು ಬಲಗೈ ಚಾಚಿದಳು. "ಹಿಡ್ಕೊಳ್ಳಿ."

ಅವನು ಹಕ್ಕಿಮರಿ ಹಿಡಿದಂತೆ, ಒತ್ತಿಯೂ ಒತ್ತದ ಹಾಗೆ ಹಿಡಿದ.

"ಜೋರಾಗಿ ಹಿಡಿದ್ರೆ ನೋವಾಗುತ್ತಾ?"

"ಸ್ವಲ್ಪ ಆಗುತ್ತೆ" ಅಂದಳು. "ಆದ್ರೂ ಬಿಡಬೇಡಿ."